ಮೂವರು ಪತ್ತೇದಾರಿಣಿಯರು, ಒಬ್ಬರು ಅತ್ತೆ

ಅತ್ತೆಗೆ ಕಣ್ಣಿನ ಪೊರೆ ಆಪರೇಷನ್ ಆಗಿತ್ತು. ಸ್ವಲ್ಪ ದಿನ ಓದುವುದು ಬೇಡ, ಒಲೆ ಮುಂದೆ ನಿಲ್ಲುವುದಂತೂ ಬೇಡವೇ ಬೇಡ ಎಂದಿದ್ದರು ಡಾಕ್ಟರು. ಸಾಗರದ ಮನೆಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಸುಮ್ನೆ ಕೂರುವುದೆಂದರೆ ಅವರಿಗೆ ಜೈಲು. ಕಣ್ಣಿಗೆ ಎರಡು ಥರದ ಹನಿ, ಒಂದಕ್ಕೂ ಇನ್ನೊಂದಕ್ಕೂ ನಡುವೆ ಐದು ನಿಮಿಷ ಬಿಡಬೇಕು. ಆ ಐದು ನಿಮಿಷ ಕಣ್ಣು ಮುಚ್ಚಿ ಮಲಗಿರಲಿ ಎಂದು ನಾನು ಕಥೆ ಹೇಳಲು ಶುರು ಮಾಡಿದೆ. ಐದು ನಿಮಿಷ ಹೋಗಿ ಅರ್ಧ ಗಂಟೆಯಾಯಿತು.

ಅತ್ತೆ ಹುಡುಗಿಯಾಗಿದ್ದಾಗ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಪಠ್ಯಪುಸ್ತಕದೊಳಗೆ ಇಟ್ಟುಕೊಂಡು ಓದಿದವರು. ಹಾಗಾಗಿ ಪತ್ತೇದಾರಿಯೇ ಆಗಬೇಕು. ಆದರೆ ರಾತ್ರಿ ಹೆದರಿಸಬಾರದು. ನನ್ನ ಹತ್ತಿರ ಅಂಥದ್ದೇ ಮೂರಿದ್ದವು. ಇಂಗ್ಲಿಷಿನವರು ಇವನ್ನು ಕೋಝಿ ಮಿಸ್ಟರಿ ಎನ್ನುತ್ತಾರೆ. ಕೊಲೆ ನಡೆಯುತ್ತದೆ, ರಕ್ತ ಅಷ್ಟಾಗಿ ಕಾಣುವುದಿಲ್ಲ. ಪೊಲೀಸರು ತಲೆ ಕೆರೆದುಕೊಳ್ಳುತ್ತಿರುವಾಗ ಪಕ್ಕದ ಮನೆಯ ಅಜ್ಜಿ ಬಂದು ಗಂಟು ಬಿಡಿಸುತ್ತಾಳೆ.

ಮೊದಲು ಹೇಳಿದ್ದು ಅಗಾಥಾ ಕ್ರಿಸ್ಟಿಯವರ 'ದಿ ಮರ್ಡರ್ ಅಟ್ ದಿ ವಿಕರೇಜ್'. 1930ರದ್ದು. ಮಿಸ್ ಮಾರ್ಪಲ್ ಎಂಬ ಅಜ್ಜಿಯ ಮೊದಲ ಕಾದಂಬರಿ. ಕಥೆ ಹೇಳುವವನು ಸೇಂಟ್ ಮೇರಿ ಮೀಡ್ ಎಂಬ ಹಳ್ಳಿಯ ಪಾದ್ರಿ. ಊಟದ ಮೇಜಿನಲ್ಲಿ ಮಾಂಸ ಕತ್ತರಿಸುತ್ತಾ, ಆ ಕರ್ನಲ್‌ನನ್ನು ಯಾರಾದರೂ ಕೊಂದರೆ ಲೋಕಕ್ಕೆ ಉಪಕಾರ ಎಂದುಬಿಡುತ್ತಾನೆ. ಮುಂದೆ ಕರ್ನಲ್ ಹೆಣವಾಗುವುದು ಇದೇ ಪಾದ್ರಿಯ ಓದುವ ಕೋಣೆಯಲ್ಲಿ. ಅತ್ತೆ ಅಲ್ಲೇ ಎದ್ದು ಕೂತರು. "ಬಾಯಿ ಬಿಟ್ಟರೆ ಬಣ್ಣಗೇಡು ಅನ್ನೋದು ಇದಕ್ಕೇ ಕಣೇ!"

ಪಾದ್ರಿಯ ಮನೆಯ ಅಡುಗೆ ಹುಡುಗಿ ಮೇರಿಗೆ ಅಡುಗೆ ಬರುವುದಿಲ್ಲ, ಮಾತು ಒರಟು. ಪಾದ್ರಿಯ ಹೆಂಡತಿ ಅದಕ್ಕೆ ಕೊಡುವ ಕಾರಣ ಕೇಳಿ: ಅವಳು ಹೀಗೇ ಇದ್ದರೆ ಬೇರೆ ಯಾರೂ ಅವಳನ್ನು ಕರೆದುಕೊಂಡು ಹೋಗುವುದಿಲ್ಲ! ಕೆಲಸದವಳನ್ನು ಪಕ್ಕದ ಬೀದಿಗೆ ಕಳೆದುಕೊಂಡ ಯಾವ ಮನೆಯವರೂ ಇದಕ್ಕೆ ನಗದೆ ಇರಲಾರರು.

ಮಾರ್ಪಲ್ ಮಾಡುವುದೇನು? ತೋಟದಲ್ಲಿ ಕಳೆ ಕೀಳುತ್ತಾಳೆ, ಹಕ್ಕಿ ನೋಡುವ ನೆವದಲ್ಲಿ ದುರ್ಬೀನು ಹಿಡಿಯುತ್ತಾಳೆ. ಬೀದಿಯಲ್ಲಿ ಯಾರು ಹೋದರು, ಯಾರು ಬಂದರು, ಎಲ್ಲ ಲೆಕ್ಕ ಇರುತ್ತದೆ. ಮನುಷ್ಯರೆಲ್ಲ ಎಲ್ಲ ಕಡೆಯೂ ಒಂದೇ ಎನ್ನುವುದು ಅವಳ ನಂಬಿಕೆ. ಯಾರನ್ನೇ ನೋಡಿದರೂ ಅವಳಿಗೆ ತನ್ನ ಹಳ್ಳಿಯ ಇನ್ಯಾರೋ ನೆನಪಾಗುತ್ತಾರೆ. "ಎದುರು ಮನೆಯವಳ ಥರ" ಎಂದರು ಅತ್ತೆ. ಎದುರು ಮನೆಯವರೂ ನಮ್ಮ ಅತ್ತೆ ಬಗ್ಗೆ ಇದನ್ನೇ ಹೇಳುತ್ತಾರೆ, ಅದು ಬೇರೆ ವಿಷಯ.

ತೊಂದರೆ ಒಂದೇ, ಹೆಸರುಗಳು. ಹಳ್ಳಿ ತುಂಬ ಜನ, ಎಲ್ಲರ ಮೇಲೂ ಅನುಮಾನ. ಮೂರನೇ ದಿನಕ್ಕೆ ನನಗೇ ಗೊಂದಲವಾಗಿ ಒಬ್ಬಳ ಮಾತನ್ನು ಇನ್ನೊಬ್ಬಳ ಬಾಯಲ್ಲಿ ಹಾಕಿಬಿಟ್ಟೆ. ಅತ್ತೆ ಕಣ್ಣು ಮುಚ್ಚಿಕೊಂಡೇ ತಿದ್ದಿದರು.

ಎರಡನೆಯದು 'ದಿ ನಂಬರ್ 1 ಲೇಡೀಸ್ ಡಿಟೆಕ್ಟಿವ್ ಏಜೆನ್ಸಿ'. ಬರೆದವರು ಅಲೆಕ್ಸಾಂಡರ್ ಮೆಕಾಲ್ ಸ್ಮಿತ್, ವರ್ಷ 1998. ನಡೆಯುವುದು ಬೋಟ್ಸ್ವಾನಾದ ಗಾಬರೋನ್‌ನಲ್ಲಿ. ನನ್ನ ಓಟು ಇದಕ್ಕೇ. ಪ್ರೆಷಸ್ ರಮೋಟ್ಸ್ವೆಯ ಅಪ್ಪ ಸಾಯುವಾಗ, ನನ್ನ ದನ ಮಾರಿ ಒಂದು ಅಂಗಡಿ ಇಟ್ಟುಕೋ ಎನ್ನುತ್ತಾನೆ. ಮಾಂಸದಂಗಡಿಯೋ ಹೆಂಡದಂಗಡಿಯೋ ಅವನ ಮನಸ್ಸಿನಲ್ಲಿರುವುದು. ಮಗಳು ಪತ್ತೇದಾರಿ ಕಚೇರಿ ತೆರೆಯುತ್ತೇನೆ ಎಂದದ್ದೇ ತಡ, ಸಾಯುತ್ತಿರುವವನ ಕಣ್ಣು ಅಗಲವಾಗುತ್ತದೆ. "180 ದನ ಮಾರಿ ಇದಾ!" ಎಂದರು ಅತ್ತೆ. ಕೊಟ್ಟಿಗೆ ಕಂಡವರಿಗೆ ಆ ಲೆಕ್ಕ ತಟ್ಟನೆ ಅರ್ಥವಾಗುತ್ತದೆ, ನನಗೆ ಓದುವಾಗ ಆಗಿರಲಿಲ್ಲ.

ಕಚೇರಿಯಲ್ಲಿ ಎರಡು ಮೇಜು, ಎರಡು ಕುರ್ಚಿ, ಒಂದು ಫೋನು, ಹಳೇ ಟೈಪ್‌ರೈಟರ್. ಕೆಂಪು ಚಹಾದ ಒಂದು ಕೆಟಲ್, ಮೂರು ಮಗ್. ಒಂದು ತನಗೆ, ಒಂದು ಸೆಕ್ರೆಟರಿಗೆ, ಇನ್ನೊಂದು ಬಂದ ಗಿರಾಕಿಗೆ. ಕೇಸುಗಳು ಚಿಕ್ಕವು. ಎಷ್ಟೋ ವರ್ಷ ಕಾಣೆಯಾಗಿದ್ದ ಅಪ್ಪ ಎಂದುಕೊಂಡು ಒಬ್ಬ ಮಗಳ ಮನೆ ಸೇರಿ ಆರಾಮಾಗಿ ತಿಂದುಂಡು ಕೂತಿರುತ್ತಾನೆ. ಇವನು ನಿಜವಾದ ಅಪ್ಪನೇ? ರಮೋಟ್ಸ್ವೆ ನರ್ಸ್ ವೇಷ ಹಾಕಿಕೊಂಡು ಹೋಗಿ, ಮಗಳಿಗೆ ಅಪಘಾತವಾಗಿದೆ, ಅಪ್ಪನ ರಕ್ತವೇ ಬೇಕು, ತುಂಬಾ ಬೇಕು, ನೀವು ಉಳಿಯುವುದು ಕಷ್ಟ ಎನ್ನುತ್ತಾಳೆ. ಮುಂದಿನದು ಹೇಳಬೇಕಾಗಿಯೇ ಇಲ್ಲ, ಅಲ್ವಾ? ಒಂದೊಂದು ಅಧ್ಯಾಯಕ್ಕೆ ಒಂದೊಂದು ಕೇಸು ಇರುವುದರಿಂದ ಕಣ್ಣಿನ ಹನಿಗೆ ಸರಿಯಾಗಿ ಹೊಂದಿತು. ಒಂದು ಎಚ್ಚರಿಕೆ: ಕಾಣೆಯಾದ ಹುಡುಗನ ಎಳೆಯೊಂದಿದೆ, ಮಾಟದ ಮದ್ದಿನದ್ದು. ಅದು ತಮಾಷೆಯದ್ದಲ್ಲ. ಅದನ್ನು ಮಾತ್ರ ರಾತ್ರಿ ಬಿಟ್ಟು ಹಗಲಲ್ಲಿ ಹೇಳಿದೆ.

ಆದರೆ ಅತ್ತೆಗೆ ಇದು ಪೂರ್ತಿ ಹಿಡಿಸಲಿಲ್ಲ. "ಒಳ್ಳೇ ಹೆಂಗಸು. ಆದರೆ ಕೊಲೆ ಎಲ್ಲಿ?" ಎಂದು ದಿನಾ ಕೇಳಿದರು. ಪುರುಷೋತ್ತಮನ ಅಭ್ಯಾಸ.

ಮೂರನೆಯದು ರಿಚರ್ಡ್ ಆಸ್ಮನ್‌ರ 'ದಿ ಥರ್ಸ್‌ಡೇ ಮರ್ಡರ್ ಕ್ಲಬ್', 2020ರದ್ದು. ಇಂಗ್ಲೆಂಡಿನ ಕೆಂಟ್‌ನಲ್ಲಿ ವಯಸ್ಸಾದವರಿಗೆಂದೇ ಕಟ್ಟಿದ ಬಡಾವಣೆ. ನಾಲ್ಕು ಜನ ಹಿರಿಯರು ಗುರುವಾರ ಕೂತು ಹಳೇ ಕೊಲೆ ಕೇಸು ಬಗೆಹರಿಸುತ್ತಿರುವಾಗ ಹೊಸ ಕೊಲೆ ಕಾಲಬುಡಕ್ಕೇ ಬರುತ್ತದೆ. ಎಲಿಜಬೆತ್ ಹಿಂದೆ ಗೂಢಚಾರಳಾಗಿದ್ದವಳು, ಹಾಗಾಗಿ ಅವಳನ್ನು ಹವ್ಯಾಸಿ ಎನ್ನಲು ನನಗೆ ಮನಸ್ಸು ಬಾರದು. ನಿಜವಾದ ಹವ್ಯಾಸಿ ಎಂದರೆ ಹಿಂದೆ ನರ್ಸ್ ಆಗಿದ್ದ ಜಾಯ್ಸ್. ಅವಳ ಡೈರಿಯೇ ಪುಸ್ತಕದ ಜೀವ. ಕೊಲೆಯ ಮಾತು ಎತ್ತಿದವಳು ಎಲ್ಲಿಗೋ ಹೋಗಿ, ಕೇಕಿನಲ್ಲಿ ಸುತ್ತಿ, ಮತ್ತೆ ಕೊಲೆಗೆ ಬರುತ್ತಾಳೆ. ಕಥೆಯ ಹೆಣಿಗೆ ಮಾತ್ರ ಮೂರರಲ್ಲಿ ಸಡಿಲ. ಹೆಣಗಳು ಜಾಸ್ತಿ, ಎಳೆಗಳು ಇನ್ನೂ ಜಾಸ್ತಿ.

ಇದರಲ್ಲಿ ನಾನು ಎಣಿಸದ್ದು ಒಂದಾಯಿತು. ಎಲಿಜಬೆತ್‌ಳ ಗಂಡನಿಗೆ ಮರೆವು. ಗೆಳತಿಯೊಬ್ಬಳು ಎಚ್ಚರವಿಲ್ಲದೆ ಮಲಗಿದ್ದಾಳೆ, ಅವಳ ಗಂಡ ಪಕ್ಕದಲ್ಲೇ ಕೂತಿರುತ್ತಾನೆ. ಅಲ್ಲಿ ಅತ್ತೆ ಮಾತಾಡಲಿಲ್ಲ. ಎರಡನೇ ಹನಿ ಹಾಕಿದ ಮೇಲೆ "ಅಲ್ಲಿ ಮಕ್ಕಳು ಬಂದು ಹೋಗ್ತಾರಾ?" ಎಂದು ಮಾತ್ರ ಕೇಳಿದರು. ಜಾಯ್ಸ್‌ಳ ಮಗಳ ವಿಷಯ ಹೇಳಿದೆ. ನಗು ತರಿಸುತ್ತಲೇ ಹೀಗೆ ಕೈ ಹಾಕುವುದು ಬೇರೆ ಎರಡಕ್ಕೂ ಆಗಿಲ್ಲ.

ನೀವು ಒಬ್ಬರೇ ಓದುವುದಾದರೆ, ಬಸ್ಸಿನಲ್ಲಿ ಬಿಟ್ಟು ಬಿಟ್ಟು ಓದುವುದಾದರೆ, ರಮೋಟ್ಸ್ವೆ. ಅಪ್ಪ ಅಮ್ಮನಿಗೆ ಕೊಡುವುದಾದರೆ ಜಾಯ್ಸ್, ಆದರೆ ಮೊದಲು ನೀವೊಮ್ಮೆ ಓದಿ. ಕೊಲೆಗಾರ ಯಾರೆಂದು ಮನೆಮಂದಿಯೆಲ್ಲ ಜಗಳವಾಡಬೇಕಿದ್ದರೆ ಮಾರ್ಪಲ್‌ಗೆ ಸಾಟಿಯಿಲ್ಲ. ಅತ್ತೆಯ ತೀರ್ಪೂ ಅವಳ ಪರವೇ. ಹಾಗಂತ ಕೊಲೆಗಾರನನ್ನು ಅವರು ಮೊದಲೇ ಹೇಳಿದ್ದೆ ಎನ್ನುವುದನ್ನು ನಂಬಬೇಡಿ. ಐದು ಜನರ ಹೆಸರು ಹೇಳಿದ್ದರು.

ಅಂದಹಾಗೆ, ಆ ಪಾದ್ರಿಯ ಕೋಣೆಯ ಗಡಿಯಾರ ಕಾಲು ಗಂಟೆ ಮುಂದಿರುತ್ತದೆ. ಹೊತ್ತಿಗೆ ಸರಿಯಾಗಿ ಹೊರಡಲಿ ಎಂದು ಬೇಕೆಂದೇ ಹಾಗಿಟ್ಟದ್ದು. ಪೊಲೀಸಿನವನಿಗೆ ಅದನ್ನು ಹೇಳಹೋದರೆ ಅವನು ಕೇಳಿಸಿಕೊಳ್ಳುವುದೇ ಇಲ್ಲ. ನಮ್ಮ ನಡುಮನೆಯ ಗಡಿಯಾರವನ್ನೂ ಮಾವ ಬೆಳಗಿನ ಬಸ್ಸಿಗೆಂದು ಹತ್ತು ನಿಮಿಷ ಮುಂದಿಟ್ಟಿದ್ದರು. ಕನ್ನಡಕ ತೆಗೆದ ದಿನ ಅತ್ತೆ ಸ್ಟೂಲ್ ಹಾಕಿಸಿ ಅದನ್ನು ಸರಿಯಾದ ಟೈಮಿಗೆ ತಿರುಗಿಸಿದರು.

"ಯಾಕೆ ಅತ್ತೆ?" ಎಂದೆ.

"ನಾಳೆ ಮನೇಲಿ ಏನಾದ್ರೂ ಆದ್ರೆ ಪೊಲೀಸರಿಗೆ ಯಾಕೆ ತೊಂದರೆ, ಮಾರಾಯ್ತಿ."