ದಣಿದ ತಂಡಕ್ಕೆ ಏನು ಕೊಡಬೇಕು: ಬೋನಸ್ಸೋ, ರಜೆಯೋ, ಕೆಲಸದ ಹೊರೆ ಕಡಿತವೋ?

ಮೊದಲು ದಣಿವಿನ ಬಗೆ ನೋಡಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್‌ಗೆ (ಕೆಲಸದ ಒತ್ತಡ ಇಳಿಯದೆ ಬರುವ ದಣಿವಿಗೆ) ಗುರುತಿಸಿದ ಲಕ್ಷಣ ಮೂರು: ಶಕ್ತಿ ಬತ್ತುವುದು, ಕೆಲಸದ ಮೇಲೆ ಜಿಗುಪ್ಸೆ, ಕೈಲಾಗುತ್ತಿಲ್ಲವೆಂಬ ಭಾವ.

ಸುಲಭದ ಲೆಕ್ಕದಲ್ಲಿ ಬೋನಸ್ಸೇ ಮುಂದು. ದುಡಿಮೆಗೆ ತಕ್ಕ ಸಂಬಳವಿಲ್ಲ ಎಂಬ ಕೊರಗಿದ್ದರೆ ಅದೇ ಮದ್ದು. ಆದರೆ ರಾತ್ರಿ ಹತ್ತಕ್ಕೂ ಮೆಸೇಜ್ ಬರುವ ಕಡೆ ದುಡ್ಡು ನಿದ್ದೆ ಕೊಡದು.

ಒಂದು ದೊಡ್ಡ ಪ್ರಾಜೆಕ್ಟ್ ಮುಗಿದ ಸುಸ್ತಿಗೆ ರಜೆ ಸಾಕು. ಆದರೆ ಇನ್‌ಬಾಕ್ಸ್ ತುಂಬಿ ಕಾಯುತ್ತಿದ್ದರೆ ಪಡೆದ ವಿಶ್ರಾಂತಿ ಕೆಲವೇ ವಾರಗಳಲ್ಲಿ ಕರಗುತ್ತದೆ. ರಜೆ ಹೋದವರ ಕೆಲಸ ಯಾರು ನೋಡುತ್ತಾರೆಂದು ಮೊದಲೇ ಬರೆದಿಡಿ. ವಾಪಸಾದ ಮೊದಲ ದಿನ ಮೀಟಿಂಗ್ ಇಡಬೇಡಿ.

ಹೊರೆ ಕಡಿತ ನಿಧಾನ, ತಲೆನೋವಿನದು, ಆದರೆ ಬಾಳಿಕೆ ಬರುವುದು ಅದೇ. ಎರಡು ವಾರ ಯಾರು ಯಾವುದಕ್ಕೆ ಎಷ್ಟು ಹೊತ್ತು ಕೊಟ್ಟರೆಂದು ಬರೆಸಿ. ಯಾರೂ ತೆರೆದು ನೋಡದ ಶುಕ್ರವಾರದ ವರದಿ, ಒಂದೇ ವಿಷಯಕ್ಕೆ ಎರಡು ಮೀಟಿಂಗ್, ಇವನ್ನು ಕಿತ್ತುಹಾಕಿ. ಎಡವುವುದು ಎಲ್ಲೆಂದರೆ, ಒಬ್ಬರಿಂದ ತೆಗೆದದ್ದನ್ನು ಪಕ್ಕದವರ ತಲೆಗೆ ಕಟ್ಟುವುದರಲ್ಲಿ. ಉಳಿದ ಗಂಟೆಗಳಿಗೆ ಹೊಸ ಕೆಲಸ ತುರುಕಿದರಂತೂ ನಂಬಿಕೆಯೂ ಹೋಯಿತು. ಹೊರೆ ತಿಂಗಳುಗಟ್ಟಲೆ ಇಳಿಯದಿದ್ದಲ್ಲಿ ಇದನ್ನೇ ಆರಿಸಿ, ರಜೆಯನ್ನು ಜೊತೆಗಿಡಿ.

ರಜೆಯಲ್ಲೂ ನಿದ್ದೆ ಬಾರದೆ, ಯಾವುದರಲ್ಲೂ ಮನಸ್ಸಿಲ್ಲವೆನ್ನುವವರಿಗೆ ಈ ಮೂರಕ್ಕಿಂತ ಮೊದಲು ವೈದ್ಯರ ಭೇಟಿ ಬೇಕು.