30 ಹಲ್ಲು ಮುಂದೆ, 51 ಹಲ್ಲು ಹಿಂದೆ: ಚಾಮುಂಡಿ ಬೆಟ್ಟದಿಂದ ಮೇಲುಕೋಟೆವರೆಗೆ ಎರಡೂವರೆ ವರ್ಷ

ನನ್ನದು ಸಾಧಾರಣ ಮೌಂಟೇನ್ ಬೈಕ್. 27.5 ಇಂಚಿನ ಚಕ್ರ, ಅಲ್ಯೂಮಿನಿಯಂ ಫ್ರೇಮ್, ಮುಂದೆ ಮಾತ್ರ ಸಸ್ಪೆನ್ಷನ್. ಕೊಂಡಾಗ ಮುಂದೆ ಮೂರು, ಹಿಂದೆ ಎಂಟು, ಒಟ್ಟು 24 ಗೇರ್ ಇತ್ತು. 2023ರ ಜೂನ್‌ನಲ್ಲಿ ಅದನ್ನೆಲ್ಲ ತೆಗೆಸಿ ಶಿಮಾನೊ ಡಿಯೋರ್ ಎಂ 5100 ಸರಣಿಯ ಹನ್ನೊಂದು ಗೇರಿನ ಸೆಟ್ ಹಾಕಿಸಿದೆ. ಮುಂದೆ ಪೆಡಲ್ ಹತ್ತಿರ ಒಂದೇ ಹಲ್ಲುಚಕ್ರ, ಹಿಂದೆ 11ರಿಂದ 51 ಹಲ್ಲಿನ ಕ್ಯಾಸೆಟ್, ಅಂದರೆ ಹಲ್ಲುಚಕ್ರಗಳ ಕಟ್ಟು. ಆಮೇಲೆ ಸುಮಾರು 7,400 ಕಿಲೋಮೀಟರ್ ಓಡಿಸಿದ್ದೇನೆ. ವಾರದಲ್ಲಿ ಮೂರು ಬೆಳಿಗ್ಗೆ ಚಾಮುಂಡಿ ಬೆಟ್ಟ, ಭಾನುವಾರ ವರುಣಾ ನಾಲೆ ಏರಿ ಅಥವಾ ಕರೀಘಟ್ಟ, ತಿಂಗಳಿಗೊಮ್ಮೆ ಮೇಲುಕೋಟೆ.

ನಮ್ಮ ಕಡೆಯ ಏರುಗಳ ಗುಣವೇ ಬೇರೆ. ಮೈಸೂರು ಊರು ಸಮುದ್ರ ಮಟ್ಟದಿಂದ 770 ಮೀಟರ್ ಸುಮಾರಿಗಿದೆ, ಚಾಮುಂಡಿ ಬೆಟ್ಟದ ತುದಿ 1,000 ಮೀಟರಿಗಿಂತ ಸ್ವಲ್ಪ ಜಾಸ್ತಿ. ಅಂದರೆ ಹತ್ತಬೇಕಾದ್ದು 250-300 ಮೀಟರ್ ಅಷ್ಟೇ. ದಿನಗಟ್ಟಲೆ ಹತ್ತುವ ಘಾಟಿ ನಮ್ಮಲ್ಲಿಲ್ಲ. ಆದರೆ ಬೆಟ್ಟ ಮುಗಿದ ಕೂಡಲೇ ಸಪಾಟು ಟಾರು ರಸ್ತೆ, ಅದು ಮುಗಿದರೆ ನಾಲೆ ಏರಿಯ ಮಣ್ಣು, ಅಲ್ಲಿಂದ ಮತ್ತೆ ಒಂದು ಕಡಿದಾದ ಗುಡ್ಡ. ಒಂದೇ ಬೆಳಿಗ್ಗೆಯಲ್ಲಿ ಇದೆಲ್ಲ ಬರುತ್ತದೆ. ಗೇರ್ ಬೇಗ ಬೇಗ, ಯೋಚನೆಯಿಲ್ಲದೆ ಬದಲಾಗಬೇಕು.

ಹಳೆಯ ಸೆಟ್‌ನಲ್ಲಿ ಮುಂದೆ 42, 34, 24 ಹಲ್ಲಿನ ಚಕ್ರಗಳು, ಹಿಂದೆ 11ರಿಂದ 32. ಕಾಗದದ ಮೇಲೆ ಚೆನ್ನಾಗಿಯೇ ಇದೆ ಅಲ್ವಾ? ತೊಂದರೆ ಇದ್ದದ್ದು ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಮುಂದಿನ ಡಿರೈಲರ್‌ನಲ್ಲಿ. ಅದು ಚೈನನ್ನು ತಳ್ಳುವುದು ಚೈನು ಬಿಗಿಯಾಗಿ ಎಳೆಯುತ್ತಿರುವ ಜಾಗದಲ್ಲಿ. ಹಾಗಾಗಿ 34ರಿಂದ 24ಕ್ಕೆ ಇಳಿಸಬೇಕಾದರೆ ಪೆಡಲ್ ಮೇಲಿನ ಭಾರ ಒಂದು ಕ್ಷಣ ಸಡಿಲ ಮಾಡಬೇಕು. ಕರೀಘಟ್ಟದ ಮಣ್ಣು ಏರಿನಲ್ಲಿ ಸಡಿಲ ಮಾಡಿದರೆ ಸೈಕಲ್ ಅಲ್ಲೇ ನಿಲ್ಲುತ್ತದೆ. ಸಡಿಲ ಮಾಡದಿದ್ದರೆ ಚೈನು ಒಳಗಡೆಗೆ ಬಿದ್ದು ಫ್ರೇಮಿಗೆ ಸಿಕ್ಕಿಕೊಳ್ಳುತ್ತದೆ. ಮಳೆಗಾಲದಲ್ಲಿ ಆ ಡಿರೈಲರ್ ಸುತ್ತ ಕೆಸರು ತುಂಬಿ ಅಲುಗಾಡುತ್ತಲೇ ಇರಲಿಲ್ಲ. 24 ಗೇರ್ ಇದ್ದರೂ ಬಹಳಷ್ಟು ಒಂದರ ಮೇಲೊಂದು ಬೀಳುವಂಥವು. ನನಗೆ ನಿಜವಾಗಿ ಬೇಕಾದ ಗೇರ್ ಮಾತ್ರ ಬೇಕಾದ ಹೊತ್ತಿಗೆ ಸಿಗುತ್ತಿರಲಿಲ್ಲ.

ಮೊದಲು ಕಡಿಮೆ ಖರ್ಚಿನ ದಾರಿ ನೋಡಿದೆ. ಹಿಂದೆ 34 ಹಲ್ಲಿನ ಕ್ಯಾಸೆಟ್ ಹಾಕಿಸೋಣ ಅಂದುಕೊಂಡೆ. ಆಮೇಲೆ ಕೂತು ಲೆಕ್ಕ ಹಾಕಿದೆ. ಮುಂದಿನ ಹಲ್ಲನ್ನು ಹಿಂದಿನ ಹಲ್ಲಿನಿಂದ ಭಾಗಿಸಿ, ಅಷ್ಟೇ ಲೆಕ್ಕ. ಸಂಖ್ಯೆ ಚಿಕ್ಕದಾದಷ್ಟೂ ಏರು ಹಗುರ. 24 ಭಾಗಿಸು 32 ಅಂದರೆ 0.75. ಹಿಂದೆ 34 ಹಾಕಿದರೆ 0.71. ಶೇಕಡಾ ಆರರಷ್ಟು ಹಗುರ ಆಗುತ್ತೆ, ಮುಂದಿನ ಡಿರೈಲರ್ ಸಮಸ್ಯೆ ಹಾಗೇ ಉಳಿಯುತ್ತೆ. ಅದಕ್ಕೇ ಬಿಟ್ಟೆ. ಮುಂದೆ 32, ಹಿಂದೆ 51 ಆದರೆ 0.63. ಮುಂದೆ 30 ಹಾಕಿದರೆ 0.59, ಅಂದರೆ ಹಳೆಯದಕ್ಕಿಂತ ಶೇಕಡಾ 22ರಷ್ಟು ಹಗುರ. ಗೇರ್ ಎಷ್ಟಿದೆ ಅಂತ ಕೇಳುವ ಬದಲು ನಿಮ್ಮ ಸೈಕಲ್ಲಿನ ಈ ಒಂದು ಸಂಖ್ಯೆ ಮೊದಲು ತಿಳಿದುಕೊಳ್ಳಿ. ಹಲ್ಲು ಎಣಿಸಲು ಐದು ನಿಮಿಷ ಸಾಕು.

ಕೊಳ್ಳುವ ಮುಂಚೆ ಎರಡು ವಿಷಯ ನೋಡಲೇಬೇಕು. ಒಂದು, ಹಿಂದಿನ ಹಬ್, ಅಂದರೆ ಚಕ್ರದ ನಡುಭಾಗ. ಏಳು ಗೇರಿನ ಕಡಿಮೆ ಬೆಲೆಯ ಸೈಕಲ್‌ಗಳಲ್ಲಿ ಹೆಚ್ಚಾಗಿ ತಿರುಗಿಸಿ ಕೂರಿಸುವ ಫ್ರೀವೀಲ್ ಇರುತ್ತದೆ. ಅದರ ಮೇಲೆ ಈ ಕ್ಯಾಸೆಟ್ ಕೂರುವುದಿಲ್ಲ. ನನ್ನದರಲ್ಲಿ ಶಿಮಾನೊ ಎಚ್‌ಜಿ ಮಾದರಿಯ ಫ್ರೀಹಬ್, ಅಂದರೆ ಕ್ಯಾಸೆಟ್ ಜಾರಿಸಿ ಕೂರಿಸುವ ಭಾಗ ಇತ್ತು. ಎಂಟು, ಒಂಬತ್ತು, ಹತ್ತು ಗೇರಿನ ಅದೇ ಫ್ರೀಹಬ್ ಮೇಲೆ ಎಂ 5100 ಹನ್ನೊಂದು ಗೇರಿನ ಕ್ಯಾಸೆಟ್ ಕೂರುತ್ತದೆ. ನಾನು ಹನ್ನೆರಡು ಗೇರಿಗೆ ಹೋಗದೆ ಹನ್ನೊಂದರಲ್ಲೇ ನಿಂತದ್ದು ಇದೇ ಕಾರಣಕ್ಕೆ. ಡಿಯೋರ್ ಹನ್ನೆರಡರ 10-51 ಕ್ಯಾಸೆಟ್‌ಗೆ ಮೈಕ್ರೋ ಸ್ಪ್ಲೈನ್ ಅನ್ನುವ ಬೇರೆಯೇ ಫ್ರೀಹಬ್ ಬೇಕು. ಅಂದರೆ ಹಬ್ಬೋ, ಇಡೀ ಚಕ್ರವೋ ಬದಲಾಗಬೇಕು.

ಎರಡನೆಯದು ಕ್ರ್ಯಾಂಕ್, ಅಂದರೆ ಪೆಡಲ್ ಕೂರುವ ತೋಳು ಮತ್ತು ಮುಂದಿನ ಹಲ್ಲುಚಕ್ರಗಳ ಜೋಡಣೆ. ನನ್ನ ಹಳೆಯ ಕ್ರ್ಯಾಂಕಿನ ಮೂರು ಚಕ್ರಗಳನ್ನೂ ರಿವೆಟ್ ಹೊಡೆದು ಸೇರಿಸಿದ್ದರು. ಒಂದನ್ನು ಇಟ್ಟುಕೊಂಡು ಎರಡನ್ನು ಬಿಚ್ಚಲು ಆಗಲ್ಲ. ಹಾಗಾಗಿ ನಾಲ್ಕು ಬೋಲ್ಟ್ ಇರುವ, ಆ ಬೋಲ್ಟ್‌ಗಳ ವೃತ್ತದ ಅಳತೆ 104 ಮಿಲಿಮೀಟರ್ ಆಗಿರುವ ಬೇರೆ ಕ್ರ್ಯಾಂಕ್ ಕೊಂಡೆ. ಅದಕ್ಕೆ ಒಂದು ಹಲ್ಲು ದಪ್ಪ, ಪಕ್ಕದ್ದು ಸಣ್ಣ ಹೀಗಿರುವ ಚಕ್ರ ಹಾಕಿಸಿದೆ. ಚೈನಿನ ಕೊಂಡಿಗಳೂ ಒಂದು ಅಗಲ, ಒಂದು ಕಿರಿದು ಇರುವುದರಿಂದ ಹಲ್ಲಿಗೆ ಸರಿಯಾಗಿ ಕಚ್ಚಿಕೊಳ್ಳುತ್ತದೆ. ಹಿಂದಿನ ಡಿರೈಲರ್‌ನಲ್ಲಿ ಕ್ಲಚ್ ಇದೆ, ಅದು ಚೈನು ಕುಣಿಯದಂತೆ ಹಿಡಿದಿಡುತ್ತದೆ. ಎರಡೂವರೆ ವರ್ಷದಲ್ಲಿ ಮುಂದಿನ ಹಲ್ಲುಚಕ್ರದಿಂದ ಚೈನು ಜಾರಿದ್ದು ಒಂದೇ ಸಲ.

ಶಿಫ್ಟರ್, ಡಿರೈಲರ್, ಕ್ಯಾಸೆಟ್, ಚೈನು, ಕ್ರ್ಯಾಂಕ್, ಕೂಲಿ ಎಲ್ಲ ಸೇರಿ ನನಗೆ 18,000 ರೂಪಾಯಿ ಸುತ್ತಮುತ್ತ ಆಯಿತು. ಸಣ್ಣ ಮೊತ್ತ ಅಲ್ಲ. ಮನೆಯಲ್ಲಿ ಎರಡು ತಿಂಗಳು ಯೋಚಿಸಿಯೇ ತೀರ್ಮಾನ ಮಾಡಿದ್ದು.

ಮೊದಲ ಸಲ ಜೋಡಿಸಿದಾಗ ಚೈನನ್ನು ಗಿಡ್ಡ ಕತ್ತರಿಸಿದ್ದರು. ಬೆಟ್ಟದ ಬುಡದಲ್ಲಿ 51ಕ್ಕೆ ಹಾಕಿದೆ, ಡಿರೈಲರ್ ಪೂರ್ತಿ ಮುಂದಕ್ಕೆ ಎಳೆದು ಕಿರುಗುಟ್ಟಿತು. ತಕ್ಷಣ ನಿಲ್ಲಿಸಿದ್ದರಿಂದ ಮುರಿಯಲಿಲ್ಲ. ಅವತ್ತು ತಳ್ಳಿಕೊಂಡೇ ವಾಪಸ್ ಬಂದು, ಬೇರೆ ಕಡೆ ಒಬ್ಬರು ಹಿರಿಯ ಮೆಕ್ಯಾನಿಕ್ ಹತ್ತಿರ ಹೋದೆ.

ಅವರು ನೋಡಿದ ಕೂಡಲೇ ಹೇಳಿದರು: "ಸಾರ್, ಚೈನು ಗಿಡ್ಡ ಆಗಿರೋದು ಒಂದು. ಡಿರೈಲರ್ ನೇತಾಡೋ ಹ್ಯಾಂಗರ್ ಕೂಡ ಒಳಕ್ಕೆ ಬಗ್ಗಿದೆ. ಇದನ್ನ ನೇರ ಮಾಡ್ದೆ ಎಷ್ಟು ಕೇಬಲ್ ಬಿಗಿ ಮಾಡಿದ್ರೂ ಗೇರ್ ಕೂರಲ್ಲ."

"ಸೈಕಲ್ ಬಿದ್ದೇ ಇಲ್ವಲ್ಲಣ್ಣ?"

"ಗಾಡಿಯಲ್ಲಿ ಸಾಗಿಸುವಾಗ ಒಂದು ಒತ್ತು ಬಿದ್ರೂ ಸಾಕು, ಬಗ್ಗುತ್ತೆ. ಎಂಟು ಗೇರಿನಲ್ಲಿ ಗೊತ್ತಾಗಲ್ಲ. ಹನ್ನೊಂದರಲ್ಲಿ ಜಾಗ ಕಮ್ಮಿ, ಕೂದಲೆಳೆ ವ್ಯತ್ಯಾಸಾನೂ ತೋರಿಸುತ್ತೆ."

ಅವರು ಹ್ಯಾಂಗರ್ ನೇರ ಮಾಡಿ, ಸರಿಯಾದ ಉದ್ದದ ಚೈನು ಹಾಕಿ, ಡಿರೈಲರ್‌ನ ಬಿ ಸ್ಕ್ರೂ ತಿರುಗಿಸಿ ಅದರ ಮೇಲಿನ ಪುಲ್ಲಿ ಮತ್ತು 51ರ ನಡುವಿನ ಅಂತರ ಹೊಂದಿಸಿದರು. ಆ ಸಂಜೆಯಿಂದ ಗೇರ್ ಬದಲಾಗುವ ಸದ್ದೇ ಬೇರೆಯಾಯಿತು. ಭಾಗ ಎಷ್ಟು ಒಳ್ಳೆಯದಿದ್ದರೂ ಜೋಡಿಸುವ ಕೈ ಒಳ್ಳೆಯದಿರಬೇಕು ಅಂತ ನಾನು ಈಗ ಎಲ್ಲರಿಗೂ ಹೇಳುತ್ತೇನೆ.

ಈಗ ಏರಿನ ವಿಷಯ. ಮೊದಲ ಎಂಟು ತಿಂಗಳು ಮುಂದೆ 32 ಇತ್ತು. ಚಾಮುಂಡಿ ಬೆಟ್ಟಕ್ಕೆ ಅದು ಸಾಕು. ಮೇಲುಕೋಟೆಗೆ ಹೋಗುವಾಗ ಮಾತ್ರ, ಜಕ್ಕನಹಳ್ಳಿ ದಾಟಿದ ಮೇಲಿನ ಏರು ಸಿಗುವ ಹೊತ್ತಿಗೆ ಮೈಸೂರಿನಿಂದ 40 ಕಿಲೋಮೀಟರಿಗಿಂತ ಜಾಸ್ತಿ ತುಳಿದು ಕಾಲು ಸೋತಿರುತ್ತದೆ. ಅಲ್ಲಿ 32 ಭಾರ ಅನ್ನಿಸಿತು, ಎಡ ಮಂಡಿ ನೋಯುತ್ತಿತ್ತು. 30ಕ್ಕೆ ಬದಲಿಸಿದೆ. ನನ್ನ ಚಕ್ರದ ಸುತ್ತಳತೆ 2.15 ಮೀಟರ್ ಹತ್ತಿರ ಇದೆ. ಹಳೆಯ ಸೆಟ್‌ನಲ್ಲಿ ಪೆಡಲ್ ಒಂದು ಸುತ್ತಿಗೆ ಕನಿಷ್ಠ 1.6 ಮೀಟರ್ ಹೋಗುತ್ತಿದ್ದೆ, ಈಗ 1.26 ಮೀಟರ್. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ನಾಲ್ಕೂವರೆ ಕಿಲೋಮೀಟರ್, ಬಿರುಸು ನಡಿಗೆಯ ಹತ್ತಿರ. ನಿಧಾನ ನಿಜ. ಆದರೆ ಸೀಟಿನ ಮೇಲೆ ಕೂತೇ, ಏದುಸಿರು ಬಿಡದೆ ಮೇಲೆ ಮುಟ್ಟುತ್ತೇನೆ. ಮಂಡಿ ನೋವು ನಿಂತಿತು. ಮೇಲೆ ಹೋಗಿ ಪುಳಿಯೋಗರೆ ತಿನ್ನುವಾಗ ಕೈ ನಡುಗುವುದಿಲ್ಲ, ಇದು ನನಗೆ ದೊಡ್ಡ ಸಂತೋಷ.

ಮಣ್ಣು ಏರಿನಲ್ಲಿ ಒಂದು ಎಚ್ಚರಿಕೆ ಬೇಕು. ಗೇರ್ ಅತಿ ಹಗುರ ಇದ್ದಾಗ ಒದ್ದೆ ಮಣ್ಣಿನಲ್ಲಿ ಹಿಂದಿನ ಚಕ್ರ ಸುಮ್ನೆ ಗಿರ್ರೆಂದು ತಿರುಗುತ್ತದೆ, ಮುಂದಿನ ಚಕ್ರ ಮೇಲೇಳುತ್ತದೆ. ಕರೀಘಟ್ಟದ ಸುತ್ತ ಮಳೆ ಬಿದ್ದ ಮೇಲೆ ನಾನು 51 ಬಿಟ್ಟು 39 ಅಥವಾ 45 ಹಿಡಿಯುತ್ತೇನೆ, ಸೀಟಿನ ಮೂತಿಗೆ ಸರಿದು ಕೂರುತ್ತೇನೆ. ಆಗ ಹಿಡಿತ ಸಿಗುತ್ತದೆ.

ಕಳೆದುಕೊಂಡದ್ದೂ ಇದೆ. ಹಳೆಯದರಲ್ಲಿ 42 ಮತ್ತು 11 ಹಾಕಿ ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ 39 ಕಿಲೋಮೀಟರ್ ವೇಗ. ಈಗ ಅಷ್ಟೇ ತುಳಿದರೆ 28. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಸೈಕಲ್ ಬಿಡುವುದಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಅಲ್ಲಿನ ಉಬ್ಬು, ತಿರುವು, ಕಬ್ಬಿನ ಟ್ರ್ಯಾಕ್ಟರ್‌ಗಳ ನಡುವೆ ನನಗೆ 28 ದಾಟುವ ಅವಕಾಶ ಸಿಗುವುದೇ ಅಪರೂಪ. ಗುಂಪಿನಲ್ಲಿ ಜೋರಾಗಿ ಓಡಿಸುವವರಿಗೆ ಮಾತ್ರ ಇದು ಹಿಡಿಸಲ್ಲ. ಇನ್ನೊಂದು, ಕ್ಯಾಸೆಟ್‌ನಲ್ಲಿ 15 ಆದ ಮೇಲೆ ನೇರ 18, ಆಮೇಲೆ 21. ಎದುರುಗಾಳಿ ಇರುವ ನಾಲೆ ಏರಿಯಲ್ಲಿ ಒಂದು ಭಾರ, ಇನ್ನೊಂದು ಹಗುರ ಅನ್ನಿಸುತ್ತದೆ. 11ರಿಂದ 51ರವರೆಗೆ ಹನ್ನೊಂದೇ ಮೆಟ್ಟಿಲಲ್ಲಿ ಹೋಗಬೇಕಲ್ಲ, ಹಾಗಾಗಿ ಮೆಟ್ಟಿಲು ದೊಡ್ಡದಾಗಲೇಬೇಕು. ರೂಢಿ ಆಗಲು ನನಗೆ ಒಂದು ತಿಂಗಳು ಬೇಕಾಯಿತು.

ಸವಕಳಿ: ಮೊದಲ ಚೈನು 2,800 ಕಿಲೋಮೀಟರಿಗೆ, ಎರಡನೆಯದು 3,100ಕ್ಕೆ ಬದಲಿಸಿದೆ. ಚೈನು ಅಳೆಯುವ ಪಟ್ಟಿ ಒಂದು ಇಟ್ಟುಕೊಳ್ಳಿ. ಹನ್ನೊಂದು ಗೇರಿನ ಚೈನು ಶೇಕಡಾ 0.5 ಹಿಗ್ಗಿದೆ ಅಂತ ಅದು ತೋರಿಸಿದರೆ ಚೈನು ತೆಗೆದುಬಿಡಬೇಕು. ತಡ ಮಾಡಿದರೆ ಹಿಗ್ಗಿದ ಚೈನು ದುಬಾರಿ ಕ್ಯಾಸೆಟ್ಟಿನ ಹಲ್ಲು ತಿನ್ನುತ್ತದೆ. ನನ್ನ ಕ್ಯಾಸೆಟ್ ಇನ್ನೂ ಮೊದಲನೆಯದೇ. ಮಳೆಗಾಲದಲ್ಲಿ ವೆಟ್ ಲ್ಯೂಬ್, ಬೇಸಿಗೆ ಧೂಳಿಗೆ ಡ್ರೈ ಲ್ಯೂಬ್ ಹಾಕುತ್ತೇನೆ. ಎಣ್ಣೆ ಬಿಟ್ಟ ಮೇಲೆ ಹೊರಗಿನದನ್ನು ಬಟ್ಟೆಯಿಂದ ಒರೆಸದಿದ್ದರೆ ನಾಲೆ ಏರಿಯ ಧೂಳು ಅಂಟಿ ಸಾಣೆಕಲ್ಲಿನ ಹಾಗೆ ಉಜ್ಜುತ್ತದೆ.

ಇಷ್ಟು ದುಡ್ಡು ಬೇಡ ಅನ್ನುವವರಿಗೆ ಮೈಕ್ರೋಶಿಫ್ಟ್ ಅಕೊಲೈಟ್ ಅಂತ ಎಂಟು ಗೇರಿನ 12-46 ಸೆಟ್ ಇದೆ. ಮುಂದೆ 30 ಹಾಕಿದರೆ 0.65 ಬರುತ್ತದೆ, ನನ್ನ ಹಳೆಯದಕ್ಕಿಂತ ಎಷ್ಟೋ ಹಗುರ. ಅದಕ್ಕೂ ಕ್ಯಾಸೆಟ್ ಕೂರುವ ಹಬ್ಬೇ ಬೇಕು. ಮಂಡ್ಯ, ಮದ್ದೂರಿನ ಕಡೆ ಗದ್ದೆ ಬಯಲಿನಲ್ಲೇ ಓಡಿಸುವವರು ಏನನ್ನೂ ಬದಲಿಸಬೇಕಿಲ್ಲ. ನಾನು ಬಿಚ್ಚಿಸಿದ 42-34-24 ಕ್ರ್ಯಾಂಕ್ ಮತ್ತು 32ರ ಕ್ಯಾಸೆಟ್ ಈಗ ಮಂಡ್ಯದಲ್ಲಿರುವ ನನ್ನ ಅಕ್ಕನ ಮಗನ ಸೈಕಲ್ಲಿನಲ್ಲಿವೆ. ಅವನು ನಾಲೆ ಪಕ್ಕದ ರಸ್ತೆಯಲ್ಲೇ ಕಾಲೇಜಿಗೆ ಹೋಗಿ ಬರುತ್ತಾನೆ, 42ರಿಂದ ಕೆಳಗೆ ಇಳಿಸಿದ್ದೇ ಇಲ್ಲವಂತೆ.