ಅಭ್ಯಾಸ ಟ್ರ್ಯಾಕ್ ಮಾಡೋ ಆ್ಯಪ್, ಎಂಟು ತಿಂಗಳು ಬಳಸಿದ ಮೇಲೆ: 5ಕ್ಕೆ 3 ಸ್ಟಾರ್

ನಾನು ಇದನ್ನ ಹಾಕ್ಕೊಂಡಿದ್ದು ಎರಡು ಕೆಲಸಕ್ಕೆ. ಒಂದು, ದಿನಾ ಬೆಳಿಗ್ಗೆ ವಾಕಿಂಗ್ ರೂಢಿ ಮಾಡ್ಕೋಬೇಕಿತ್ತು. ಇನ್ನೊಂದು ಉಗುರು ಕಚ್ಚೋದು ಬಿಡಬೇಕಿತ್ತು, ಇದು ಸ್ಕೂಲಿಗೆ ಹೋಗೋವಾಗಿಂದ ಅಂಟಿಕೊಂಡಿರೋ ಚಟ, ಬಲಗೈ ಹೆಬ್ಬೆರಳಿನ ಉಗುರು ಅರ್ಧಕ್ಕೇ ನಿಂತುಬಿಟ್ಟಿತ್ತು, ಪಕ್ಕದ ಚರ್ಮ ಕಿತ್ತು ಸೋಪು ತಾಗಿದ್ರೆ ಉರೀತಿತ್ತು, ಎದುರಿಗೆ ಯಾರಾದ್ರೂ ಕೂತ್ರೆ ಕೈ ತಾನಾಗೇ ಟೇಬಲ್ ಕೆಳಗೆ ಹೋಗ್ತಿತ್ತು. ವಾಕಿಂಗ್‌ಗೆ ಆ್ಯಪ್ ನಿಜವಾಗ್ಲೂ ಸಹಾಯ ಮಾಡ್ತು. ಉಗುರಿನ ವಿಷಯದಲ್ಲಿ ಅವರು ಹೇಳಿದ ಹಾಗೆ ಬಳಸಿದ್ರೆ ಆಗಲ್ಲ, ಸ್ವಲ್ಪ ಉಲ್ಟಾ ಬಳಸಬೇಕು, ಅದನ್ನ ಕೆಳಗೆ ಬರೆದಿದ್ದೀನಿ.

ಹೊಸ ಅಭ್ಯಾಸ ಸೇರಿಸೋವಾಗ "ಯಾವುದರ ನಂತರ?" ಅಂತ ಒಂದು ಚಿಕ್ಕ ಬಾಕ್ಸ್ ಬರುತ್ತೆ, ಕೆಳಗೇ ಸ್ಕಿಪ್ ಅಂತ ಇರುತ್ತೆ. ಮೊದಲನೇ ಸಲ ನಾನೂ ಸ್ಕಿಪ್ ಮಾಡಿ ಬೆಳಿಗ್ಗೆ 6ಕ್ಕೆ ರಿಮೈಂಡರ್ ಇಟ್ಟೆ. ಹತ್ತು ದಿನದಲ್ಲಿ ಮೂರು ಸಲ ಹೋಗಿದ್ದಿರಬಹುದು, ಮಿಕ್ಕ ದಿನ ಕಣ್ಣು ಬಿಡದೇನೇ ಬೆರಳು ಆ ನೋಟಿಫಿಕೇಶನ್‌ನ ಪಕ್ಕಕ್ಕೆ ತಳ್ಳಿರ್ತಿತ್ತು. ಆಮೇಲೆ ಆ ಬಾಕ್ಸ್‌ನಲ್ಲಿ "ಹಲ್ಲುಜ್ಜಿ ಬಾಯಿ ಒರೆಸಿಕೊಂಡ ತಕ್ಷಣ ಶೂ ಹಾಕ್ಕೊಳ್ತೀನಿ" ಅಂತ ಬರೆದೆ. ವಾಕಿಂಗ್ ಅಂತಲ್ಲ, ಶೂ ಅಂತ ಮಾತ್ರ. ಶೂನ ಬಾತ್‌ರೂಮ್ ಬಾಗಿಲ ಪಕ್ಕಾನೇ ಇಟ್ಟೆ, ಒಳಗೆ ಸಾಕ್ಸ್ ಸಮೇತ. ಇಂಥದ್ದು ಆದಾಗ ಇಂಥದ್ದು ಮಾಡ್ತೀನಿ ಅಂತ ಮೊದಲೇ ಗೊತ್ತು ಮಾಡ್ಕೊಂಡ್ರೆ ಸುಮ್ನೆ ಮಾಡ್ತೀನಿ ಅಂದ್ಕೊಂಡಿದ್ದಕ್ಕಿಂತ ಜಾಸ್ತಿ ನಡೆಯುತ್ತೆ ಅಂತ ಪೀಟರ್ ಗೋಲ್‌ವಿಟ್ಸರ್ ಅನ್ನೋ ಮನಃಶಾಸ್ತ್ರಜ್ಞರು 1999ರಲ್ಲೇ ಬರೆದಿದ್ದಾರೆ. ನನ್ನ ವಿಷಯದಲ್ಲಂತೂ ಅದು ಅಕ್ಷರಶಃ ಹಾಗೇ ಆಯ್ತು. ಗಂಟೆ ಆರಾಗಿದ್ದು ಕಣ್ಣಿಗೆ ಕಾಣಲ್ಲ, ಶೂ ಕಾಣುತ್ತೆ.

ಇನ್ನು ಆ 21 ದಿನದ ಚಾಲೆಂಜ್. ಇದರ ಮೇಲೆ ನನಗೆ ನಿಜವಾಗ್ಲೂ ಸಿಟ್ಟಿದೆ. 21 ದಿನ ಮುಗಿಸಿದ್ರೆ ಟ್ರೋಫಿ ಕೊಟ್ಟು "ಇನ್ಮೇಲೆ ಇದು ನಿಮ್ಮ ಅಭ್ಯಾಸ" ಅಂತಾರೆ. 22ನೇ ದಿನ ಎದ್ದಾಗ ನನಗೆ ಮೊದಲಿನಷ್ಟೇ ಬೇಜಾರು, ನನ್ನಲ್ಲೇ ಏನೋ ಕೊರತೆ ಇದೆ ಅನ್ನಿಸಿಬಿಡ್ತು. ಈ 21 ಎಲ್ಲಿಂದ ಬಂತು ಅಂದ್ರೆ, ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅನ್ನೋ ಪ್ಲಾಸ್ಟಿಕ್ ಸರ್ಜನ್ 1960ರ ಪುಸ್ತಕದಲ್ಲಿ, ಆಪರೇಷನ್ ಆದವರಿಗೆ ತಮ್ಮ ಹೊಸ ಮುಖ ಒಗ್ಗೋಕೆ ಕಮ್ಮಿ ಅಂದ್ರೂ ಸುಮಾರು 21 ದಿನ ಬೇಕು ಅಂತ ಬರೆದ್ರು, ಬಾಯಿಂದ ಬಾಯಿಗೆ ಹೋಗ್ತಾ "ಕಮ್ಮಿ ಅಂದ್ರೂ" ಅನ್ನೋದು ಬಿದ್ದುಹೋಯ್ತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತೆ ಅವರ ಜೊತೆಗಾರರು 96 ಜನರನ್ನ 12 ವಾರ ಗಮನಿಸಿದಾಗ ಸಿಕ್ಕ ಲೆಕ್ಕ ಬೇರೆನೇ, ಅಭ್ಯಾಸ ಕೂರೋಕೆ ಸುಮಾರು 66 ದಿನ, ಅದೂ ಒಬ್ಬರಿಗೆ 18 ಆದ್ರೆ ಇನ್ನೊಬ್ಬರಿಗೆ 254ರವರೆಗೂ ಹೋಗಬಹುದು ಅಂತ (12 ವಾರ ದಾಟಿದ ಸಂಖ್ಯೆಗಳು ಅವರು ಲೆಕ್ಕ ಹಾಕಿದ ಅಂದಾಜು). ಒಂದು ಲೋಟ ನೀರು ಕುಡಿಯೋದು ಬೇಗ ಕೂರುತ್ತೆ, ವ್ಯಾಯಾಮಕ್ಕೆ ಟೈಮ್ ಬೇಕು. ನನಗೆ ಮೂರೂವರೆ ತಿಂಗಳು ಹಿಡೀತು.

ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿದೆ, ಒಂದು ದಿನ ತಪ್ಪಿದ್ರೆ ಹೇಳಿಕೊಳ್ಳೋಂಥ ನಷ್ಟ ಏನಿಲ್ಲ ಅಂತ. ಆದ್ರೆ ಈ ಆ್ಯಪ್ ಒಂದು ದಿನ ತಪ್ಪಿದ್ರೆ ಇಡೀ ಸ್ಟ್ರೀಕ್, ಅಂದ್ರೆ ಬಿಡದೇ ಮಾಡಿದ ದಿನಗಳ ಲೆಕ್ಕ, ಅಳಿಸಿಹಾಕುತ್ತೆ. 47ನೇ ದಿನ ಜ್ವರ ಬಂದು ಮಲಗಿದ್ದೆ, ಮಾರನೇ ದಿನ ತೆಗೆದ್ರೆ ದೊಡ್ಡದಾಗಿ 0. ಹೋಯ್ತಲ್ಲ ಬಿಡು ಅಂತ ಜ್ವರ ಬಿಟ್ಟ ಮೇಲೂ ನಾಲ್ಕು ದಿನ ಹೋಗ್ಲೇ ಇಲ್ಲ. ತಪ್ಪಿದ್ದು ಒಂದು ದಿನ, ಕಳ್ಕೊಂಡಿದ್ದು ಐದು ದಿನ. ಸಪೋರ್ಟ್‌ಗೆ ಬರೆದೆ, ಸ್ಟ್ರೀಕ್ ಉಳಿಸ್ಕೊಳ್ಳೋ ಸೌಲಭ್ಯ ಪೇಯ್ಡ್ ವರ್ಷನ್‌ನಲ್ಲಿದೆ ಅಂತ ಉತ್ತರ ಬಂತು. ಹುಷಾರಿಲ್ದೇ ಮಲಗಿದವರಿಗೆ ಇದು ಫ್ರೀಯಾಗೇ ಸಿಗಬೇಕು. ಈಗ ಸೆಟ್ಟಿಂಗ್ಸ್‌ನಲ್ಲಿ ಸ್ಟ್ರೀಕ್ ಮರೆಮಾಡಿ ತಿಂಗಳ ಲೆಕ್ಕ ಮಾತ್ರ ಇಟ್ಟಿದ್ದೀನಿ, ನೀವೂ ಮೊದಲನೇ ದಿನವೇ ಹಾಗೆ ಮಾಡ್ಕೊಳ್ಳಿ.

ಈಗ ಉಗುರಿನ ವಿಷಯ. ಚಟ ಬಿಡೋಕೆ ಅಂತ ರಾತ್ರಿ "ಇವತ್ತು ಕಚ್ಚಲಿಲ್ಲ" ಅಂತ ಟಿಕ್ ಹಾಕೋ ವ್ಯವಸ್ಥೆ ಇದೆ. ಕಚ್ಚಿದ್ದೇ ಗೊತ್ತಾಗಲ್ವಲ್ಲ, ಟಿಕ್ ಹೇಗೆ ಹಾಕೋದು? ಅಮ್ಮ ಇದಕ್ಕೇ ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಿದ್ರು. ಆದ್ರೆ ಇದು ಹುಟ್ಟುಗುಣ ಅಲ್ಲ, ಗೊತ್ತಿಲ್ಲದೇ ಕಲಿತಿದ್ದು, ಹಾಗಾಗಿ ಮೊದಲು ಗೊತ್ತಾಗಬೇಕು. ಏಜ್ರಿನ್ ಮತ್ತು ನನ್ ಅನ್ನೋ ಇಬ್ಬರು ಮನಃಶಾಸ್ತ್ರಜ್ಞರು ಇಂಥ ಚಟಗಳಿಗೆ ಅಂತ 1973ರಲ್ಲಿ ಕೊಟ್ಟ ಚಿಕಿತ್ಸೆಯ ತಿರುಳೂ ಇದೇ: ಕೈ ಹೋಗೋದನ್ನ ಗಮನಿಸು, ಹೋದಾಗ ಅದೇ ಕೈಗೆ ಬೇರೆ ಕೆಲಸ ಕೊಡು.

ಅದಕ್ಕೆ ನಾನು ಆ ಟಿಕ್ ಬಿಟ್ಟು ಕೌಂಟರ್ ವಿಜೆಟ್ ಹಾಕ್ಕೊಂಡೆ, ಬೆರಳು ಬಾಯಿ ಹತ್ರ ಹೋದಾಗೆಲ್ಲ ಒಂದು ಒತ್ತೋದು, ಆಗ ಏನ್ ಮಾಡ್ತಿದ್ದೆ ಅಂತ ಎರಡು ಪದ ನೋಟ್‌ನಲ್ಲಿ ಹಾಕೋದು. ಮೊದಲನೇ ದಿನ 31. ನೋಡಿ ಗಾಬರಿಯಾಯ್ತು. ಒಂದು ವಾರದ ನೋಟ್ ಓದಿದ್ರೆ ಬಹುಪಾಲು ಒಂದೇ ಥರ, ಸ್ಕ್ರೀನ್ ಮೇಲೆ ಉದ್ದದ್ದು ಏನಾದ್ರೂ ಓದ್ತಾ ಬಲಗೈ ಖಾಲಿ ಇದ್ದಾಗ. ಆಮೇಲಿಂದ ಓದೋವಾಗ ಪೆನ್ ಹಿಡ್ಕೊಂಡು ಕೂರ್ತೀನಿ, ಕೈ ಎದ್ದರೆ ಪೆನ್ನನ್ನ ಮುಷ್ಟಿಯಲ್ಲಿ ಗಟ್ಟಿಯಾಗಿ ಒಂದೆರಡು ನಿಮಿಷ ಹಿಡೀತೀನಿ. ಎರಡು ತಿಂಗಳಲ್ಲಿ ದಿನಕ್ಕೆ ನಾಲ್ಕೈದಕ್ಕೆ ಇಳೀತು. ಕೈ ಉಗುರು ತಿಂಗಳಿಗೆ ಬೆಳೆಯೋದೇ ಸುಮಾರು 3 ಮಿಲಿಮೀಟರ್, ಹಾಗಾಗಿ ಕಾಯಬೇಕು, ಹೋದ ತಿಂಗಳು ಹೆಬ್ಬೆರಳ ತುದೀಲಿ ಬಿಳಿ ಅಂಚು ಕಾಣಿಸ್ತು, ನೇಲ್ ಕಟ್ಟರ್‌ನಿಂದ ಆ ಉಗುರು ಕತ್ತರಿಸಿದ್ದು ನನಗೆ ನೆನಪಿರೋ ಹಾಗೆ ಅದೇ ಮೊದಲು. ರಕ್ತ ಬರೋ ಮಟ್ಟಕ್ಕೆ ಹೋಗಿದ್ರೆ ಆ್ಯಪ್ ಸಾಲದು, ಮೇಲೆ ಹೇಳಿದ ಆ ಚಿಕಿತ್ಸೆ ಕಲಿಸೋ ಮನಃಶಾಸ್ತ್ರಜ್ಞರ ಹತ್ರ ಹೋಗಿ.

ಇಷ್ಟೆಲ್ಲ ಆಗೋವಾಗ ಆ್ಯಪ್ ಮಾತ್ರ 31ಕ್ಕೆ ಹಸಿರು ಹಾಕಿ ಶಭಾಷ್ ಅಂತು, 4ಕ್ಕೆ ಕೆಂಪು. ಅದಕ್ಕೆ ಜಾಸ್ತಿ ಆದ್ರೆ ಒಳ್ಳೇದು ಅಂತಷ್ಟೇ ಗೊತ್ತು. ಥೀಮು, ಲೀಡರ್‌ಬೋರ್ಡ್ ಎಲ್ಲ ಇವೆ, ನಾನು ಮುಟ್ಟಿಲ್ಲ.

ಡೆವಲಪರ್‌ಗಳು ಇದನ್ನ ಓದ್ತಿದ್ರೆ, "ಕಮ್ಮಿ ಆದ್ರೆ ಒಳ್ಳೇದು" ಅನ್ನೋ ಆಯ್ಕೆ ಕೊಡಿ, ಆ 21ರ ಟ್ರೋಫಿ ತೆಗೀರಿ, "ಯಾವುದರ ನಂತರ?" ಬಾಕ್ಸ್‌ನ ಮೊದಲನೇ ಸ್ಕ್ರೀನ್‌ಗೆ ತನ್ನಿ. ಮಾಡಿದ ದಿನ ಬಂದು 5 ಸ್ಟಾರ್ ಮಾಡ್ತೀನಿ.